ಹದಿನಾರು ಜನರ ತಂಡ, ಎರಡು ಶ್ರುತಿ

ಕಳೆದ ಮಾರ್ಚ್ ತಿಂಗಳ ಎರಡನೇ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ, ಗಂಡು ಹುಡುಗರ ವೃಂದಗಾನ ತಂಡದ ಹದಿನಾರು ಮಂದಿ ವೇದಿಕೆಯ ಎಡಬದಿಯಲ್ಲಿ ಎರಡು ಸಾಲಾಗಿ ನಿಂತು ವಿಶ್ವವಿದ್ಯಾಲಯದ ಗೀತೆ ಹಾಡಿದರು. ಹಾಡು ಮೊದಲಿನಿಂದ ಕೊನೆಯವರೆಗೆ ನಾಲ್ಕು ನಿಮಿಷ ಸಾಗಿತು. ಅಷ್ಟು ಹೊತ್ತಿನಲ್ಲಿ ಹದಿನಾರು ಜನರೂ ಒಟ್ಟಿಗೆ ದನಿ ತೆಗೆದ ಒಂದು ಸಾಲೂ ಇರಲಿಲ್ಲ. ಯಾವಾಗ ನೋಡಿದರೂ ಎಂಟು ಜನ ಹಾಡುತ್ತಿದ್ದರು, ಎಂಟು ಜನ ತುಟಿ ಆಡಿಸುತ್ತಿದ್ದರು.

ಇದಕ್ಕೆ ಒಂದು ಕಾರಣ ನಾನು ಮಾಡಿದ ವೇಳಾಪಟ್ಟಿ.

ಓದುವಾಗ ನಾನೂ ಒಂದು ಕಾಲೇಜು ತಂಡದಲ್ಲಿ ಹಿಂದಿನ ಸಾಲಿನ ಹಾಡುಗಾರ. ಆಮೇಲೆ ಇಪ್ಪತ್ತಾರು ವರ್ಷ ಪತ್ರಿಕೆಯ ಸುದ್ದಿಮನೆಯಲ್ಲಿ ಕೂತು ಬೇರೆಯವರ ವಾಕ್ಯ ಕತ್ತರಿಸಿದೆ. ಕೆಲಸ ಬಿಟ್ಟು ಪಾಂಡವಪುರಕ್ಕೆ ಬಂದ ಮೇಲೆ, ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ಮನೆಗೆ ಬಂದು, "ನೋಡಿ ಇವ್ರೇ, ನಿಮಗೆ ಹಾಡೋಕೆ ಹೇಳಲ್ಲ. ಹುಡುಗರನ್ನ ಒಂದು ಕಡೆ ಸೇರಿಸಿಕೊಡಿ ಸಾಕು" ಎಂದರು. ನಾನು ಒಪ್ಪಿದೆ. ಅದು ನಾಲ್ಕು ವರ್ಷದ ಹಿಂದಿನ ಮಾತು. ವಾರದ ಅಭ್ಯಾಸಕ್ಕೆ ಹುಡುಗರನ್ನು ಒಂದು ಕಡೆ ಸೇರಿಸುವುದು ನನ್ನಿಂದ ಈವರೆಗೂ ಆಗಿಲ್ಲ.

ಹಾಡುವ ಹುಡುಗರು ನಾಲ್ಕು ತಾಲ್ಲೂಕಿನವರು. ಎಂಟು ಜನ ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಕಡೆಯವರು. ಇವರು ಬಸ್ಸು ತಪ್ಪಿದರೆ ರೈಲು ಹಿಡಿಯುತ್ತಾರೆ, ರೈಲು ತಪ್ಪಿದರೆ ಯಾರದೋ ಬೈಕಿನ ಹಿಂದೆ ಹೋಗುತ್ತಾರೆ. ಉಳಿದ ಎಂಟು ಜನ ಕೆ.ಆರ್.ಪೇಟೆ, ನಾಗಮಂಗಲದ ಕಡೆಯವರು. ಅವರ ಊರಿಗೆ ಹೋಗುವ ಬಸ್ಸು ಸಂಜೆ ನಾಲ್ಕೂಕಾಲಿಗೆ. ಅದು ಹೋದರೆ ಮುಂದಿನದು ಯಾವಾಗ ಎಂದು ನಿಲ್ದಾಣದ ಕಂಟ್ರೋಲರಿಗೂ ಗೊತ್ತಿಲ್ಲ. ತರಗತಿ ಮುಗಿಯುವುದು ನಾಲ್ಕಕ್ಕೆ. ಗುರುವಾರ ಮಾತ್ರ ಈ ಎಂಟು ಜನಕ್ಕೆ ಮಧ್ಯಾಹ್ನ ಎರಡೂವರೆಗೇ ಬಿಡುವು. ಅದೇ ಹೊತ್ತಿಗೆ ಮೊದಲ ಎಂಟು ಜನಕ್ಕೆ ಲ್ಯಾಬು.

ಹಾಗಾಗಿ ನಾನು ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದೆ. ಮಂಗಳವಾರ ಸಂಜೆ ನಾಲ್ಕಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ. ಗುರುವಾರ ಎರಡೂವರೆಗೆ ಕೆ.ಆರ್.ಪೇಟೆ, ನಾಗಮಂಗಲ. ಮೇಷ್ಟ್ರು ಹಾಳೆ ನೋಡಿ, "ಇದು ಚೆನ್ನಾಗಿದೆ" ಎಂದು ಮಡಿಚಿ ಜೇಬಿಗೆ ಹಾಕಿಕೊಂಡರು. ಅದು ಅವರಿಗೆ ಇನ್ನೊಂದು ರೀತಿಯಲ್ಲೂ ಅನುಕೂಲವಾಗಿತ್ತು. ಅವರು ಅತಿಥಿ ಉಪನ್ಯಾಸಕರು. ಅವರ ಹೆಸರು ಪ್ರತಿ ವರ್ಷ ಹೊಸದಾಗಿ ಪಟ್ಟಿಗೆ ಸೇರಬೇಕು, ಸೇರಬೇಕಾದರೆ ವಾರಕ್ಕೆ ಇಷ್ಟು ಗಂಟೆ ಪಾಠ ಇರಬೇಕು. ಎರಡು ದಿನದ ಅಭ್ಯಾಸ ಲೆಕ್ಕಕ್ಕೆ ಬಂದರೆ ಅವರ ಗಂಟೆಗಳು ಸರಿಯಾಗಿ ಭರ್ತಿ ಆಗುತ್ತಿದ್ದವು, ಒಂದೂ ಹೆಚ್ಚಿಲ್ಲ. ಹದಿನಾಲ್ಕು ವರ್ಷದಿಂದ ಅವರು ಹೀಗೆ ಅಂಚಿನಲ್ಲೇ ಉಳಿದುಕೊಂಡು ಬಂದವರು.

ಮೇಷ್ಟ್ರದು ಶ್ರೀರಂಗಪಟ್ಟಣದ ಅರ್ಚಕರ ಮನೆತನ. ದಾಯಾದಿಗಳ ಮನೆಗಳಲ್ಲಿ ಪೂಜೆಯ ಸರದಿ ಹಂಚಿಕೆಯಾಗಿದೆ. ಕಳೆದ ವರ್ಷ ಅವರ ಅಣ್ಣನಿಗೆ ಮಂಡಿ ಕೈಕೊಟ್ಟು, ಅಣ್ಣನ ಪಾಲಿನ ಗುರುವಾರ ಇವರ ಮೇಲೆ ಬಿತ್ತು. ನಾಲ್ಕಕ್ಕೆ ಗುಡಿಯ ಬಾಗಿಲು ತೆಗೆಯಬೇಕು, ಎರಡೂಮುಕ್ಕಾಲರ ಬಸ್ಸು ಹಿಡಿಯಬೇಕು. ನವೆಂಬರಿನಿಂದ ಅವರು ಗುರುವಾರ ಅಭ್ಯಾಸದ ಕೋಣೆಗೆ ಬಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಅಭ್ಯಾಸವನ್ನು ತಂಡದ ನಾಯಕನಿಗೆ ಒಪ್ಪಿಸಿ ಹೊರಡತೊಡಗಿದರು. ಈ ವಿಷಯ ನನಗೆ ಗೊತ್ತಿತ್ತು. ಹುಡುಗರಿಗೂ ಗೊತ್ತಿತ್ತು.

ನಾಯಕ ಗುರುವಾರದ ಎಂಟರಲ್ಲಿ ಒಬ್ಬ, ಕೆ.ಆರ್.ಪೇಟೆಯ ಶೀಳನೆರೆ ಕಡೆಯ ಹುಡುಗ, ಎಂ.ಎ. ಎರಡನೇ ವರ್ಷ. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಹಸು ಕರೆದು, ಡೇರಿಗೆ ಹಾಲು ಹಾಕಿ, ಏಳರ ಬಸ್ಸಿಗೆ ನಿಂತುಕೊಂಡೇ ಬರುತ್ತಿದ್ದ. ಅವನ ಅಪ್ಪ ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಮಗನೂ ಹತ್ತು ವರ್ಷದಿಂದ ಬಣ್ಣ ಹಚ್ಚಿದವನು. ಒಳ್ಳೆಯ ಶಾರೀರ. ಆದರೆ ಅದು ಬಯಲಿನಲ್ಲಿ ಬೆಳೆದ ಶಾರೀರ.

ಹಾರ್ಮೋನಿಯಮ್ಮಿನ ಒಂದೊಂದು ಬಿಳಿ ಕೀಲಿಗೂ ನಮ್ಮ ಕಡೆ ಮನೆ ಎನ್ನುತ್ತಾರೆ, ನಡುವಿನ ಕಪ್ಪು ಕೀಲಿ ಅರ್ಧ ಮನೆ. ಎಣಿಕೆ ಹೆಚ್ಚಿದಷ್ಟೂ ಶ್ರುತಿ ಮೇಲೆ. ಮೇಷ್ಟ್ರು ವಿಶ್ವವಿದ್ಯಾಲಯದ ಗೀತೆಗೆ ಗೊತ್ತುಮಾಡಿದ್ದು ಒಂದೂವರೆ ಮನೆ. ಮಂಗಳವಾರದವರು ಅದರಲ್ಲೇ ಕಲಿತರು. ಗುರುವಾರದವರು ಹೇಗೆ ಕಲಿಯುತ್ತಿದ್ದಾರೆಂದು ನೋಡಲು ನಾನು ಒಮ್ಮೆಯೂ ಹೋಗಲಿಲ್ಲ. ಆ ಹೊತ್ತಿಗೆ ನಾನು ಊಟ ಮಾಡಿ ಮಲಗಿರುತ್ತಿದ್ದೆ.

ಘಟಿಕೋತ್ಸವದ ಹಿಂದಿನ ದಿನ ಎಲ್ಲರಿಗೂ ರಜೆ ಕೊಡಿಸಿ ಹದಿನಾರು ಜನರನ್ನೂ ಮೊದಲ ಬಾರಿಗೆ ಒಟ್ಟಿಗೆ ನಿಲ್ಲಿಸಿದೆವು. ಮೇಷ್ಟ್ರು ಗುಡಿಗೆ ದಾಯಾದಿಯೊಬ್ಬರನ್ನು ಕಳಿಸಿ ಬಂದಿದ್ದರು. ಅವರು ಒಂದೂವರೆ ಮನೆ ಒತ್ತಿ ಕೈ ಎತ್ತಿದರು. ಮಂಗಳವಾರದ ಎಂಟು ಜನ ಹಾಡಿದರು. ಗುರುವಾರದ ಎಂಟು ಜನ ಎರಡು ಮಾತು ಹಾಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲಿಸಿದರು.

ನಾಗಮಂಗಲದ ಹುಡುಗನೊಬ್ಬ, "ಇದೇನ್ಲಾ ಇದು, ಮಂಗಳಾರ್ತಿ ಪದ ಇದ್ದಂಗದೆ?" ಎಂದ.

"ನಮ್ದು ಸರ್ಯಾಗದೆ ಕಣ್ಲಾ. ನೀವ್ ಯಾಕ್ ನಿಲ್ಸ್‌ಬುಟ್ರಿ?" ಎಂದು ಚಿನಕುರಳಿಯವನು ಕೇಳಿದ. ಅವನು ಮಂಗಳವಾರದವನು.

ಮೇಷ್ಟ್ರು ನಾಯಕನ ಕಡೆ ತಿರುಗಿದರು. "ಯಾವ ಮನೆ ಇಟ್ಕೊಂಡು ಹೇಳಿಕೊಟ್ಟೆ ಅಪ್ಪಾ?"

"ನಾಕ್ನೇ ಮನೆ ಸಾ."

"ಒಂದೂವರೆ ಅಂತ ಬರೆದುಕೊಟ್ಟಿದ್ದೆನಲ್ಲ."

"ಬರ್ಕೊಟ್ಟಿದ್ರಿ ಸಾ. ಎರಡು ವಾರ ಅಂಗೇ ಯೋಳಿಸ್ದೆ. ಉಂಡ್ಬುಟ್ಟು ಬಂದಿರ್ತವೆ ಐಕಳು, ಒಂದೂವರೇಲಿ ಯೋಳುದ್ರೆ ತೂಕಡುಸ್ತವೆ. ನಾಟಕದಾಗೆ ನಮ್ಮಪ್ಪ ಇಡಿಯಾದೇ ನಾಕ್ನೇ ಮನೆ. ಬಯಲ್ನಾಗೆ ಕೊನೇಲಿ ಕುಂತವ್ನಿಗೂ ಕೇಳ್ಬೇಕಲ್ಲ. ಅದ್ಕೇ ಎತ್ಬುಟ್ಟೆ."

"ಇಲ್ಲಿ ಮೈಕ್ ಇದೆಯಪ್ಪಾ."

"ನಮ್ ಮೈಕು ಯಾವತ್ ಸರ್ಯಾಗದೆ ಸಾ?"

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ಮುಂದಿನ ಮೂರು ಗಂಟೆ ಅವರು ಎರಡು ದಾರಿಯನ್ನೂ ಹಿಡಿದು ನೋಡಿದರು. ಮಂಗಳವಾರದವರನ್ನು ಮೇಲಕ್ಕೆ ಎಳೆದರೆ ಮೂರನೇ ಚರಣದ ಏರಿನಲ್ಲಿ ದನಿ ಒಡೆಯಿತು. ಗುರುವಾರದವರನ್ನು ಕೆಳಕ್ಕೆ ಇಳಿಸಿದರೆ ಪಲ್ಲವಿಯಲ್ಲೇ ದನಿ ಹೂತುಹೋಯಿತು. ನಡುವಿನ ಮನೆಗಳನ್ನೂ ಒತ್ತಿದರು. ಅಲ್ಲಿ ಎರಡು ಗುಂಪೂ ಕೆಟ್ಟವು.

"ನೀವ್ ಕಿರುಚೋದ್ ಕೇಳುದ್ರೆ ಎಮ್ಮೆ ಅಗ್ಗ ಕಿತ್ಕೊಂಡ್ ಓಯ್ತದೆ ಕಣ್ಲಾ" ಎಂದು ಚಿನಕುರಳಿಯವನು ಹೇಳಿದ.

"ನಿಮ್ ಪದ ಕೇಳುದ್ರೆ ಎಮ್ಮೆ ಏಳದೇ ಇಲ್ಲ, ಅಲ್ಲೇ ಮಲೀಕತದೆ" ಎಂದು ನಾಗಮಂಗಲದವನು ಮರುಮಾತು ಕೊಟ್ಟ.

ನಾಲ್ಕು ಗಂಟೆ ಹತ್ತಿರವಾಗುತ್ತಿತ್ತು. ಮೇಷ್ಟ್ರು ಹಾರ್ಮೋನಿಯಮ್ಮಿನ ತಿದಿ ಮುಚ್ಚಿ, ಗೋಡೆಗೆ ಒರಗಿ ಕೂತರು. ಹದಿನಾರು ಜನರ ತಂಡ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗಿತ್ತು. ಕಡಿಮೆ ಜನ ನಿಂತರೆ ಕಾರಣ ಕೇಳುತ್ತಾರೆ. ಅವರು ಯಾರ ಮುಖವನ್ನೂ ನೋಡದೆ, "ಗುರುವಾರದವರು ನಾಳೆ ಬರೀ ಬಾಯಿ ಆಡಿಸಿ. ದನಿ ಬೇಡ" ಎಂದರು.

ನಾಯಕ ಮುಂದೆ ಬಂದ. "ಸಾ, ತಪ್ ನಂದು. ಕುಲಸಚಿವ್ರಿಗೆ ನಾನೇ ಬರ್ಕೊಡ್ತೀನಿ, ನಾನೇ ಶ್ರುತಿ ಬದಲಾಯ್ಸ್ದೆ ಅಂತವ. ಈ ಸಲ ಅವ್ರೇ ಎಂಟ್ ಜನ ನಿಂತ್ಕಳ್ಲಿ."

"ನೀನು ಬರ್ಕೊಟ್ರೆ ಗುರುವಾರ ನಾನೆಲ್ಲಿದ್ದೆ ಅಂತ ಕೇಳ್ತಾರಪ್ಪಾ" ಎಂದರು ಮೇಷ್ಟ್ರು.

ನಾಲ್ಕೂಕಾಲರ ಬಸ್ಸಿಗೆ ಹೊತ್ತಾಗಿತ್ತು. ಎಂಟು ಜನ ಚೀಲ ಹೆಗಲಿಗೆ ಹಾಕಿಕೊಂಡು ಓಡಿದರು.

ಮಾರನೆಯ ದಿನ ಎಲ್ಲರೂ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಬಂದಿದ್ದರು. ಕುಲಪತಿಗಳು, ಮುಖ್ಯ ಅತಿಥಿಗಳು ವೇದಿಕೆಗೆ ಬಂದರು. ಮೇಷ್ಟ್ರು ಒಂದೂವರೆ ಮನೆ ಒತ್ತಿದರು. ಮುಂದಿನ ಸಾಲಿನ ಎಂಟು ಜನ ಹಾಡಿದರು, ಹಿಂದಿನ ಸಾಲಿನ ಎಂಟು ಜನ ತುಟಿ ಆಡಿಸಿದರು. ಪಲ್ಲವಿ ಆಯಿತು, ಮೊದಲ ಚರಣ ಆಯಿತು. ನಾನು ಪಕ್ಕದ ಪರದೆಯ ಹಿಂದೆ ನಿಂತಿದ್ದೆ.

ಎರಡನೇ ಚರಣದ ಆರಂಭದಲ್ಲಿ ಮೈಕು ಕೈಕೊಟ್ಟಿತು. ಒಂದು ಸಲ ಕುಯ್ಯೆಂದು ಸತ್ತುಹೋಯಿತು. ಮುಂದಿನ ಸಾಲಿನವರ ದನಿ ಕುರ್ಚಿಗಳ ಮೂರನೇ ಸಾಲನ್ನೂ ದಾಟಲಿಲ್ಲ. ಹಿಂದೆ ಕೂತಿದ್ದ ಜನ ಕತ್ತು ಎತ್ತಿ ನೋಡತೊಡಗಿದರು.

ನಮ್ಮ ಕಡೆಯ ನಾಟಕದಲ್ಲಿ ಒಂದು ಕಟ್ಟುಪಾಡಿದೆ. ರಂಗದ ಮೇಲೆ ಹಾಡುವವನ ದನಿ ಬಿದ್ದರೆ ಹಿಂದಿನವನು ಅದನ್ನು ಎತ್ತಿಕೊಳ್ಳಬೇಕು, ಒಬ್ಬ ಎತ್ತಿಕೊಂಡರೆ ಉಳಿದವರು ಅವನನ್ನು ಒಂಟಿಯಾಗಿ ಬಿಡಬಾರದು. ನಾಗಮಂಗಲದ ಹುಡುಗ ಎತ್ತಿಕೊಂಡ. ನಾಲ್ಕನೇ ಮನೆಯಲ್ಲಿ. ಅವನು ಯೋಚಿಸಿ ಮಾಡಿದ್ದಲ್ಲ ಎಂದು ಆಮೇಲೆ ಹೇಳಿದ, ನಾನು ನಂಬುತ್ತೇನೆ. ಅವನ ಹಿಂದೆಯೇ ನಾಯಕ ಹಾಡಿದ, ನಾಯಕನ ಹಿಂದೆ ಉಳಿದ ಆರು ಜನ. ಮೇಷ್ಟ್ರ ಬೆರಳುಗಳು ಹಾರ್ಮೋನಿಯಮ್ಮಿನ ಮೇಲೆ ಒಂದು ಕ್ಷಣ ನಿಂತವು, ಆಮೇಲೆ ನಾಲ್ಕನೇ ಮನೆಗೆ ಸರಿದವು. ಮುಂದಿನ ಸಾಲಿನವರು ಹಿಂದಿನ ದಿನ ಕಂಡಿದ್ದಂತೆಯೇ ಅಷ್ಟು ಮೇಲೆ ಏರಲಾರದೆ, ಬರೀ ತುಟಿ ಆಡಿಸಿದರು. ಹಾಡು ಸಭಾಂಗಣದ ಕೊನೆಯ ಬಾಗಿಲಿನವರೆಗೂ ಕೇಳಿತು ಎಂದು ಅಲ್ಲಿ ನಿಂತಿದ್ದ ಕಾವಲುಗಾರ ಹೇಳಿದ.

ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ, ತಂಡವನ್ನು ಎರಡು ಭಾಗ ಮಾಡಿ ಒಂದಾದ ಮೇಲೆ ಒಂದು ಹಾಡುವಂತೆ ಸಂಯೋಜಿಸಿದ್ದು ಹೊಸತಾಗಿದೆ ಎಂದು ಮೆಚ್ಚಿದರು. ಚಪ್ಪಾಳೆ ಬಿತ್ತು. ಮೇಷ್ಟ್ರು ಎದ್ದು ಕೈ ಮುಗಿದು ಕೂತರು. ನಾನು ಅಂದು ಸಂಜೆ ಸ್ಥಳೀಯ ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಟ್ಟೆ. ಅದರಲ್ಲಿ "ಹದಿನಾರು ವಿದ್ಯಾರ್ಥಿಗಳು ಹಾಡಿದರು" ಎಂಬ ಸಾಲು ಇತ್ತು. ತಪ್ಪೆಂದು ಹೇಳಲಾಗದು, ಸರಿಯೂ ಅಲ್ಲ. ಅಂಥ ಸಾಲುಗಳನ್ನು ನಾನು ಇಪ್ಪತ್ತಾರು ವರ್ಷ ಬೇರೆಯವರ ಬರಹದಿಂದ ತೆಗೆದುಹಾಕಿದ್ದೆ.

ಏಪ್ರಿಲಿನಲ್ಲಿ ಕುಲಸಚಿವರು ನಮ್ಮಿಬ್ಬರನ್ನೂ ಕರೆಸಿದರು. ಒಳ್ಳೆಯ ಮಾತಿನಿಂದಲೇ ಶುರುಮಾಡಿದರು. "ಅವತ್ತು ಒಂದು ಸಲಕ್ಕೆ ಎಂಟೇ ಜನ ಹಾಡಿದ್ದು. ಸಭಾಂಗಣಕ್ಕೆಲ್ಲ ಕೇಳಿಸ್ತು. ಹಾಗಾದ್ರೆ ಹದಿನಾರು ಜನ ಯಾಕೆ ಮೇಷ್ಟ್ರೇ? ಎಂಟು ಜನ ಸಾಕು. ವಾರಕ್ಕೆ ಒಂದು ದಿನ ಅಭ್ಯಾಸ ಮಾಡಿಸಿ, ನಿಮಗೂ ಓಡಾಟ ತಪ್ಪುತ್ತೆ."

ವಾರಕ್ಕೆ ಒಂದು ದಿನ ಎಂದರೆ ಮೇಷ್ಟ್ರ ಗಂಟೆಗಳು ಭರ್ತಿಯಾಗುವುದಿಲ್ಲ. ಎಂಟು ಜನ ಹಾಡಿದ್ದು ಸಂಯೋಜನೆಯಲ್ಲ, ನಡೆದುಹೋದದ್ದು ಎಂದು ಹೇಳಿದರೆ, ಹೇಗೆ ನಡೆಯಿತೆಂದೂ ಹೇಳಬೇಕಾಗುತ್ತದೆ. ಹಾಜರಿ ಪುಸ್ತಕ ಕುಲಸಚಿವರ ಕೋಣೆಯ ಬೀರುವಿನಲ್ಲೇ ಇತ್ತು. ನಾನು ಮೇಷ್ಟ್ರ ಮುಖ ನೋಡಿದೆ. ಅವರು, "ಆಗಬಹುದು ಸರ್" ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಮಾತಾಡಿದರೂ ಕೇಳುತ್ತಿರಲಿಲ್ಲ. ಅವು ದಾಟಿದ ಮೇಲೆ ನಾನು ಕೇಳಿದೆ, "ಹೇಳಿಬಿಡಬಹುದಿತ್ತಲ್ಲ?"

"ಏನಂತ ಹೇಳಲಿ ಇವ್ರೇ? ಹದಿನೆಂಟು ಗುರುವಾರ ಸಹಿ ಹಾಕಿದ್ದೀನಿ. ನನ್ನ ಜೊತೆ ಆ ಹುಡುಗನ್ನೂ ಕರೆಸಿ ನಿಲ್ಲಿಸ್ತಾರೆ. ಅವನ ಪರೀಕ್ಷೆ ಮುಂದಿನ ತಿಂಗಳು." ಎದ್ದು ನಿಂತು, "ಯಾವ ಎಂಟು ಜನ ಅಂತ ಪಟ್ಟಿ ಕೊಡಬೇಕಂತೆ. ನೀವೇ ಬರೆದುಬಿಡಿ" ಎಂದರು.

ನಾನು ಬರೆಯಲಿಲ್ಲ. ಕೊನೆಗೆ ಅವರೇ ಬರೆದರು. ಎರಡೂ ದಿನದವರಿಂದ ನಾಲ್ಕು ನಾಲ್ಕು ಹೆಸರು ಹಾಕಿದ್ದರು. ಇವರೂ ಒಟ್ಟಿಗೆ ಹಾಡಲಾರರಲ್ಲ ಎಂದೆ. "ಅದು ಮುಂದೆ ಬರೋರ ಕೆಲಸ" ಎಂದು ಅವರು ಕಾಗದ ಮಡಿಚಿದರು.

ಸುದ್ದಿ ಹುಡುಗರಿಗೆ ಮುಟ್ಟಿತು. ನಾಯಕ ಪರೀಕ್ಷೆ ಮುಗಿದ ದಿನ ಮೇಷ್ಟ್ರ ಮನೆಗೆ ಹೋಗಿ ಎರಡು ಲೀಟರು ಹಾಲು ಕೊಟ್ಟು ಬಂದನಂತೆ. ಏನು ಮಾತಾಡಿದಿರಿ ಎಂದು ಕೇಳಿದೆ. "ಏನಿಲ್ಲ ಸಾ. ಅವ್ರು ಕಾಫಿ ಕೊಟ್ರು, ಕುಡುದ್ಬುಟ್ಟು ಬಂದೆ" ಎಂದ.

ಜೂನ್ ಕೊನೆಯ ವಾರ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಹೊರಬಿತ್ತು. ಅದರಲ್ಲಿ ಮೇಷ್ಟ್ರ ಹೆಸರಿಲ್ಲ. ಸಂಗೀತಕ್ಕೆ ಬೇರೆ ಯಾರ ಹೆಸರೂ ಇಲ್ಲ. ಅವರು ಮರುಪರಿಶೀಲನೆಗೆ ಅರ್ಜಿ ಕೊಟ್ಟಿದ್ದಾರೆ. ನಿನ್ನೆ ನಾನು ಕಚೇರಿಗೆ ಫೋನು ಮಾಡಿ ಕೇಳಿದಾಗ, ಅರ್ಜಿ ತಲುಪಿದೆ, ಕುಲಸಚಿವರು ಇನ್ನೂ ನೋಡಿಲ್ಲ ಎಂದು ಗುಮಾಸ್ತರು ತಿಳಿಸಿದರು.