ಕಾಂಪೌಂಡರ ಹೆಸರಿನ ಕಲ್ಲು

ಮೊನ್ನೆ ಕಾಲಿನ ಗಾಯಕ್ಕೆ ನರ್ಸ್ ಟಿಂಚರ್ ಹಚ್ಚಿದಳು. ಆ ವಾಸನೆಗೆ ತಿತಿಮತಿಯ ಸರ್ಕಾರಿ ಔಷಧಾಲಯದ ಜಗಲಿ ಕಣ್ಣಮುಂದೆ ಬಂತು. ಅದರ ಹಿಂದೆಯೇ ಅಲ್ಲಿ ಔಷಧಿ ಬೆರೆಸಿ ಕೊಡುತ್ತಿದ್ದ ನಮ್ಮ ನೆರೆಮನೆಯ ಕಾಂಪೌಂಡರು...

ಕೊಡಗು ಆಗಿನ್ನೂ ಬೇರೆಯೇ ರಾಜ್ಯ. ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು. ಅವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಯುದ್ಧ ಮುಗಿಸಿ ಬಂದವರು. ಮದುವೆಯಾಗಿರಲಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಒಕ್ಕಲು ಮನೆತನ. ಜೊತೆಗೆ ತಾಯಿಯೊಬ್ಬರೇ ಇದ್ದರು.

ಆ ತಾಯಿ ಮಗನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. "ಏ, ಬಾ ಇಲ್ಲಿ", "ಏ, ಉಣ್ಣಾಕೆ ಏಳು", ಅಷ್ಟೇ. ಒಂದು ಭಾನುವಾರ ನಾನು ಅಂಗಳದಲ್ಲಿ ನಿಂತು ಅವರ ಹೆಸರು ಕೂಗಿದೆ. ಮುದುಕಿ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಕೂಗ್ಬ್ಯಾಡಿ ಮೇಷ್ಟ್ರೇ. ಇವನು ಒಳಗವ್ನೆ. ನೀವು ಹಂಗೆ ಕೂಗಿದ್ರೆ ಬರೋನು ಇನ್ನೊಬ್ಬ."

ಒಳಗಿನಿಂದ ಬಂದ ಕಾಂಪೌಂಡರು ನಗಲಿಲ್ಲ. ಆ ಸಂಜೆ ತಾವಾಗಿಯೇ ವಿಷಯ ತೆಗೆದರು.

ಬರ್ಮಾದಿಂದ ಸೇನೆ ಹಿಂದೆ ಸರಿಯುತ್ತಿದ್ದಾಗ ಅವರು ಆಸ್ಪತ್ರೆಯ ತುಕಡಿಯಲ್ಲಿದ್ದರಂತೆ. ದಾರಿಯ ಗುಡಿಸಲೊಂದರಲ್ಲಿ ಚಳಿಜ್ವರದಿಂದ ನಡುಗುತ್ತಿದ್ದ ಸಿಪಾಯಿ ಸಿಕ್ಕಿದ. ಬೇರೆ ಪಡೆಯವನು; ಅವನ ಭಾಷೆ ಇವರಿಗೆ ತಿಳಿಯದು. ತಮ್ಮ ಕೋಟು ಬಿಚ್ಚಿ ಹೊದಿಸಿದರು. ಅಷ್ಟರಲ್ಲಿ ಹೊರಡಲು ಆಜ್ಞೆಯಾಯಿತು. ಇವರ ಹೆಸರಿದ್ದ ಸೇನೆಯ ಪುಸ್ತಕ ಆ ಕೋಟಿನ ಜೇಬಿನಲ್ಲೇ ಉಳಿಯಿತು. ಆಮೇಲೆ ಆ ಸಿಪಾಯಿಯ ಹೆಣ ಕಂಡವರು ಪುಸ್ತಕ ನೋಡಿ, ಸತ್ತವರು ಇವರೇ ಎಂದುಕೊಂಡರು. ಊರಿಗೆ ತಂತಿ ಬಂತು. ತಾಯಿ ತಿಥಿ ಮಾಡಿಸಿದರು. ಎಂಟು ತಿಂಗಳ ಮೇಲೆ ಮಗ ಬಂದು ಅಂಗಳದಲ್ಲಿ ನಿಂತ.

"ಅವ್ವ ನನ್ನ ಮುಟ್ಟಿ ಮುಟ್ಟಿ ನೋಡಿ ಅತ್ಲು. ಆದ್ರೆ ಹೆಸರು ಮಾತ್ರ ಅವಳ ಬಾಯಿಗೆ ಬರ್ಲಿಲ್ಲ. ಅದನ್ನ ಸತ್ತೋನ ಜೊತೆ ಕಳಿಸಿಬಿಟ್ಟವಳಂತೆ."

ಮರುವರ್ಷ ಗೋಣಿಕೊಪ್ಪಲಿನ ಮಾಜಿ ಹವಾಲ್ದಾರರೊಬ್ಬರು ಒಂದು ಸುದ್ದಿ ತಂದರು. ಯುದ್ಧದಲ್ಲಿ ಸತ್ತ ಸೈನಿಕರಿಗಾಗಿ ಬರ್ಮಾ ಗಡಿಯ ಹತ್ತಿರ ಕಟ್ಟಿದ ಸ್ಮಾರಕದಲ್ಲಿ, ಒಂದು ಕಲ್ಲಿನ ಮೇಲೆ ಕಾಂಪೌಂಡರ ಹೆಸರಿದೆಯಂತೆ. ಕಾಂಪೌಂಡರು ನನ್ನಿಂದ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿದರು: ನಾನು ಬದುಕಿದ್ದೇನೆ, ಹೆಸರು ಅಳಿಸಬೇಕು. "ಅಲ್ಲಿಂದ ತಂದುಬಿಟ್ರೆ ಅವ್ವ ಕರೀತಾಳೆ" ಎಂದರು. ಬೇಸಿಗೆ ರಜೆಯಲ್ಲಿ ಅವರ ಜೊತೆ ನಾನೂ ರೈಲು ಹತ್ತಿದೆ.

ಆರು ದಿನದ ದಾರಿ. ನಾವು ತಲುಪಿದಾಗ ಮಟಮಟ ಮಧ್ಯಾಹ್ನ. ಕಾಗೆ ಕೂಡ ಕೂಗುತ್ತಿರಲಿಲ್ಲ. ಗೇಟಿನ ಕಾವಲುಗಾರ ಭೇಟಿಯ ಪುಸ್ತಕ ತೆರೆದು ಬಂದವರ ಹೆಸರು ಕೇಳಿದ. ಕಾಂಪೌಂಡರು ಹೇಳಿದರು. ಯಾರನ್ನು ನೋಡಬೇಕು ಎಂದ. ಅದೇ ಹೆಸರನ್ನು ಮತ್ತೆ ಹೇಳಿದರು. ಕಾವಲುಗಾರನ ಪೆನ್ನು ನಿಂತಿತು. ತಲೆ ಎತ್ತಿ ಅವರ ಮುಖ ನೋಡಿ, ಆಮೇಲೆ ಅವರ ಕಾಲು ನೋಡಿದ.

"ಸತ್ತವರಿಗೆ ನೀವು ಏನಾಗಬೇಕು?"

"ಕೋಟು ಕೊಟ್ಟವನು" ಎಂದರು ಕಾಂಪೌಂಡರು.

ಒಳಗೆ ಸಾಲು ಸಾಲು ಬಿಳಿ ಕಲ್ಲುಗಳು. ಗುರುತು ಸಿಗದವರೇ ಹೆಚ್ಚು; ಅವರ ಕಲ್ಲುಗಳ ಮೇಲೆಲ್ಲ ಒಂದೇ ಬರಹ: ಒಬ್ಬ ಸೈನಿಕ. ಒಬ್ಬ ಸೈನಿಕ. ಒಬ್ಬ ಸೈನಿಕ... ಓದುತ್ತಾ ಹೋದಂತೆ ಯಾರೋ ನಮ್ಮನ್ನು ಎಣಿಸುತ್ತಿರುವಂತೆ ನನಗೆ ಅನಿಸಿತು. ಕೊನೆಯ ಸಾಲಿನಲ್ಲಿ ಆ ಹೆಸರಿತ್ತು. ಕಾಂಪೌಂಡರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಅರ್ಜಿ ಕೈಗೆ ಕೊಡಹೋದೆ.

"ಹೆಸರು ಅಳಿಸಿದ್ರೆ ಇಲ್ಲಿ ಏನು ಬರೀತಾರೆ ಮೇಷ್ಟ್ರೇ?"

"ಉಳಿದ ಕಲ್ಲುಗಳ ಮೇಲೆ ಇರೋದನ್ನೇ."

"ಹಾಗಾದ್ರೆ ಬೇಡ. ಕೋಟು ಕೊಟ್ಟಾಗಿದೆ. ವಾಪಸ್ ಕೇಳೋದು ಹೆಂಗೆ?"

ಊರಿಗೆ ಮರಳಿದಾಗ ತಾಯಿ ಹೊಸಿಲಲ್ಲೇ ನಿಂತಿದ್ದರು. "ತಂದ್ಯಾ?" ಎಂದು ಕೇಳಿದರು.

"ಇಲ್ಲ ಕಣವ್ವ. ಅವನತ್ರಾನೇ ಇರ್ಲಿ."

ಮುದುಕಿ ಒಳಗೆ ಹೋಗಿ ಅನ್ನ ಬಡಿಸಿದರು. ತಾಯಿ ಮಗನನ್ನು ಬಿಟ್ಟು ನಾನು ಎದ್ದು ಬಂದೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಹಿರಿಯರ ಎಡೆಯ ಪಕ್ಕ ಇನ್ನೊಂದು ಬಾಳೆಲೆ ಇತ್ತು. ತಾಯಿ ಅದನ್ನೆತ್ತಿಕೊಂಡು ಅಂಗಳ ದಾಟಿ, ಕಾಡಿನ ಕಡೆ ಹೋಗುವ ರಸ್ತೆಯ ಬದಿಗೆ ಇಟ್ಟರು. ನಿಂತು, ಅಷ್ಟು ವರ್ಷ ಬಾಯಲ್ಲಿ ಆಡದ ಆ ಹೆಸರು ಹಿಡಿದು ಮೂರು ಸಲ ಕೂಗಿದರು. "ಬಾರೋ ಮಗಾ, ಉಣ್ಣು ಬಾ. ತಣ್ಣಗಾಗ್ತದೆ."

ಒಳಗೆ ಕಾಂಪೌಂಡರು ತಲೆ ತಗ್ಗಿಸಿ ಕೂತಿದ್ದರು. ಒಂದು ಕೂಗಿಗೂ ಓಗೊಡಲಿಲ್ಲ. ಹೊರಗೆ ಗಾಳಿಯಿರಲಿಲ್ಲ, ಆದರೂ ರಸ್ತೆಯಾಚೆ ಬಿದಿರು ಮೆಳೆ ಯಾರೋ ಸರಿಸಿಕೊಂಡು ಬಂದ ಹಾಗೆ ಸದ್ದು ಮಾಡಿತು. ತಾಯಿ ಬಾಗಿಲಿಗೆ ಬೆನ್ನು ಹಾಕಿಯೇ ನಿಂತಿದ್ದರು. "ನಿಧಾನಕ್ಕೆ ಉಣ್ಣು" ಎಂದರು, ಮೆಲ್ಲಗೆ... ನಾನು ಆ ಕಡೆ ನೋಡಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನನಗೆ ದೂರದ ಊರಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಕಾಂಪೌಂಡರಿಂದ ಒಂದು ಕಾರ್ಡು ಬಂತು. ತಾಯಿ ತೀರಿಕೊಂಡಿದ್ದರು. "ಈ ಸಲ ಅಮಾವಾಸ್ಯೆಗೆ ನೀವು ಬಂದರೆ ಉಪಕಾರ. ಎಡೆ ನಾನೇ ಇಡುತ್ತೇನೆ. ಕೂಗುವುದು ಮಾತ್ರ ನನ್ನಿಂದ ಆಗುವುದಿಲ್ಲ" ಎಂದು ಬರೆದಿದ್ದರು.

ಆಗ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಮುಂದಿನ ವರ್ಷ ಖಂಡಿತ ಬರುತ್ತೇನೆ ಎಂದು ಉತ್ತರ ಬರೆದೆ. ಮುಂದಿನ ವರ್ಷದ ಹೊತ್ತಿಗೆ ಅವರಿರಲಿಲ್ಲ.

ಅವರಿಗೆ ಮಕ್ಕಳಿಲ್ಲ. ಇನ್ನೊಬ್ಬನಿಗೆ ಯಾರಿದ್ದರೋ ಯಾರಿಗೂ ಗೊತ್ತಿಲ್ಲ. ಈಗ ನನಗೆ ಒಬ್ಬನೇ ಹೊರಗೆ ಹೋಗುವುದೂ ಆಗದು. ಆದರೂ ಆ ವರ್ಷ ಎಡೆ ಇಟ್ಟು, ಕೂಗುವವರಿಲ್ಲದೆ, ಅವರು ಒಳಗೆ ಎಷ್ಟು ಹೊತ್ತು ಕಾದಿರಬಹುದು ಎಂದು ಯೋಚಿಸುತ್ತೇನೆ. ಅವರೊಬ್ಬರೇ ಅಲ್ಲ, ಹೊರಗೆ ರಸ್ತೆಯ ಬದಿಯಲ್ಲಿ ಅವನೂ.