ಬದು ಅಳಿಸಿದ ಚಿಚ್ಚಾ

ಖಟಕ ಚಿಂಚೋಳಿಯ ಖಾಸಿಂ ಅಲಿ ತೀರಿಕೊಂಡ ಮರುಬೇಸಿಗೆಯಲ್ಲೇ ಅವನ ತಮ್ಮ ಶರಫೋದ್ದೀನ ಇಬ್ಬರ ಹೊಲಗಳ ನಡುವಿನ ಬದುವನ್ನು ಹರಗಿ ನೆಲಸಮ ಮಾಡಿ, ಅಣ್ಣನ ಹೊಲವನ್ನೂ ತನ್ನದಕ್ಕೆ ಸೇರಿಸಿಕೊಂಡ. ಕೇಳಲು ಹೋದ ಅತ್ತಿಗೆ ಫಕ್ರುನ್ನಿಸಾಳನ್ನು ಊರ ಜನರೆದುರೇ ತೋಳು ಹಿಡಿದು ಹೊರಗೆ ದಬ್ಬಿದ. ಅಂದು ಅತ್ತದ್ದು ತಾಯಿ. ಮಗಳು ತಬಸ್ಸುಮಳ ಕಣ್ಣು ಒದ್ದೆಯಾಗಲಿಲ್ಲ.

ಬೀದರಿನ ಕಚೇರಿಯೊಂದರಲ್ಲಿ ಉಪಗ್ರಹದ ಚಿತ್ರ ನೋಡಿ ಯಾವ ಹೊಲದಲ್ಲಿ ಯಾವ ಬೆಳೆ ಇದೆಯೆಂದು ಗುರುತಿಸುವುದು ತಬಸ್ಸುಮಳ ಕೆಲಸ. ಔರಾದಿನ ಸೋಯಾ, ಭಾಲ್ಕಿಯ ಕಬ್ಬು ದಿನವೂ ಅವಳ ಕಣ್ಣೆದುರು ಹಾಯುತ್ತಿದ್ದವು. ಹಳೆಯ ವರ್ಷಗಳ ಚಿತ್ರಗಳಲ್ಲಿ ತಮ್ಮ ಹೊಲ ಹುಡುಕಿದಳು. ಸುತ್ತಲೂ ಬೇಸಿಗೆಯ ಬರಿ ನೆಲ; ಅಬ್ಬಾನ ಬಾವಿ ನೀರಿನ ಕಬ್ಬು ಮಾತ್ರ ಹಸಿರಾಗಿ ಹಬ್ಬಿ, ಬದುವಿದ್ದ ಕಡೆ ಕತ್ತರಿಸಿದಂತೆ ನಿಂತಿತ್ತು. ಪ್ರತಿ ವರ್ಷವೂ ಹಾಗೇ.

ಇದನ್ನು ಚಿಚ್ಚಾ ಶರಫೋದ್ದೀನನಿಗೆ ತೋರಿಸಿದರೆ ಮನೆಯಲ್ಲೇ ಬಗೆಹರಿಯುತ್ತದೆ ಎಂದಳು ತಾಯಿ. ಮಗಳು ಒಪ್ಪಲಿಲ್ಲ. ಭಾಲ್ಕಿಯ ಕೋರ್ಟಿನಲ್ಲಿ ದಾವೆ ಹೂಡಿ, ಚಿತ್ರಗಳ ಮಾತೇ ಎತ್ತದೆ ಕಾದಳು. ಶರಫೋದ್ದೀನ ಕಟಕಟೆ ಹತ್ತಿ, ಅಲ್ಲಿ ಬದುವೇ ಇರಲಿಲ್ಲ, ಅಣ್ಣ ಎಂದೂ ಕಬ್ಬು ಹಚ್ಚಿಲ್ಲ, ಮೊದಲಿನಿಂದ ತಾನೇ ತೊಗರಿ ಬಿತ್ತುತ್ತಿದ್ದೇನೆ ಎಂದು ಪ್ರಮಾಣ ಮಾಡಿ ಹೇಳಿದ. ಆಮೇಲಷ್ಟೇ ಅವಳ ವಕೀಲರು ಆ ಚಿತ್ರಗಳನ್ನು ಇಲಾಖೆಯಿಂದ ಅಧಿಕೃತವಾಗಿ ತರಿಸುವಂತೆ ಕೋರಿದರು. ಬೇಸಿಗೆಯಲ್ಲಿ ತೊಗರಿ ನಿಲ್ಲುವುದಿಲ್ಲ; ಚಿತ್ರದ ಆ ಹಸಿರು ಕೋರ್ಟಿಗೆ ಬಂದ ದಿನ ಶರಫೋದ್ದೀನನ ಪ್ರಮಾಣ ಸುಳ್ಳೆಂದು ಎಲ್ಲರೆದುರು ಬಯಲಾಯಿತು.

“ಮೊದಲೇ ತೋರಿಸಿದ್ರ ಒಪ್ಕೊಂಡಿರ್ತಿದ್ನಲ್ಲ,” ಎಂದಳು ಫಕ್ರುನ್ನಿಸಾ.

“ಒಪ್ಕೊಂಡಿರ್ತಿದ್ದ, ಅಮ್ಮಿ. ಅದಕ್ಕೇ ತೋರಿಸಲಿಲ್ಲ. ನಾಲ್ಕು ಮಂದಿ ಮುಂದ ಸುಳ್ಳುಗಾರ ಅನ್ನಿಸ್ಕೋಬೇಕಿತ್ತು.”

ತೀರ್ಪು ತಾಯಿ ಮಗಳ ಪರವಾಗಿಯೇ ಆಯಿತು. ಹೊಲವನ್ನು ವಶಕ್ಕೆ ಪಡೆದ ದಿನ ಚಿಚ್ಚಾ ಬಿತ್ತಿದ್ದ ತೊಗರಿ ಕಾಯಿಗಟ್ಟಿ ನಿಂತಿತ್ತು. ನೋಡಲು ಊರೇ ನೆರೆದಿತ್ತು. ತಬಸ್ಸುಮ ತರಿಸಿದ ಟ್ರ್ಯಾಕ್ಟರಿನ ಸದ್ದು ಕೇಳಿ ಶರಫೋದ್ದೀನ ಓಡಿ ಬಂದು ಕೈ ಮುಗಿದ.

“ರಾಶಿ ಆಗೋತನಕ ತಡಿ ಬೇಟಾ. ಬೆಳಿ ನೀವೇ ತಗೋರಿ, ಹಾಳು ಮಾತ್ರ ಮಾಡಬ್ಯಾಡ.”

ಬೆಳೆ ಹೇಗೂ ತಮ್ಮದೇ, ಯಾಕೆ ಕೆಡಿಸುತ್ತೀ ಎಂದು ತಾಯಿಯೂ ಸೆರಗು ಹಿಡಿದು ಎಳೆದಳು. ತಬಸ್ಸುಮ ಸೆರಗು ಬಿಡಿಸಿಕೊಂಡಳು. ಚಾಲಕನಿಗೆ ಹೊಡಿ ಎಂದು ಕೈಸನ್ನೆ ಮಾಡಿದಳು. ತುಂಬಿದ ಗಿಡಗಳು ಸಾಲು ಸಾಲಾಗಿ ಮಣ್ಣಿಗೆ ಬಿದ್ದವು. ಚಿಚ್ಚಾ ಅಲ್ಲೇ ಕುಕ್ಕರಿಸಿದ. ಅವನ ಮುಖದಿಂದ ಅವಳು ಕಣ್ಣು ಕೀಳಲಿಲ್ಲ.

ಮಧ್ಯಾಹ್ನ ಭಾಲ್ಕಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ತಬಸ್ಸುಮ ಎರಡು ಪ್ಲೇಟ್ ಪೂರಿ ತಿಂದಳು. ಫಕ್ರುನ್ನಿಸಾ ಚಹಾ ಕೂಡ ಮುಟ್ಟಲಿಲ್ಲ.