ಚಿಗರಿಯ ನೆಣ

ನಮ್ಮ ಅಂಕಲಗಿಯ ಮನೆಯಲ್ಲಿ ಗೋಡೆಯ ಗೂಡಿನೊಳಗೆ ಒಂದು ಮಣ್ಣಿನ ಕುಡಿಕೆಯಿದೆ. ಅದರ ತಳದಲ್ಲಿ ಬೆಳ್ಳಗೆ, ಕಲ್ಲಿನಷ್ಟು ಗಟ್ಟಿಯಾಗಿ, ಚಿಗರಿಯ ನೆಣ, ಅಡವಿಯ ಜಿಂಕೆಯ ಕೊಬ್ಬು, ಇನ್ನೂ ಕೂತಿದೆ. ನಿನ್ನೆಯವರೆಗೆ ಅವ್ವ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಕೆಡಬೇಕಾದದ್ದು ಕೆಡದೆ, ಉಳಿಯಬೇಕಾದವರು ಉಳಿಯದೆ ಹೋಗುವ ಈ ಲೋಕದ ರೀತಿ ನಿಮಗೇನಾದರೂ ತಿಳಿದಿದ್ದರೆ ಹೇಳಿ, ನನಗಂತೂ ತಿಳಿದಿಲ್ಲ.

ಕುರಿ ಕಾಯುವ ನಮ್ಮಂಥವರ ಮನೆಗಳಲ್ಲಿ ಅಡವಿಯ ಮೃಗದ ಮೇಲೆ ಭಕ್ತಿಯಂಥದೊಂದು ನಂಬಿಕೆ. ಹಟ್ಟಿಯ ಕುರಿ ನಾವು ತೋರಿಸಿದ್ದನ್ನು ಮೇಯುತ್ತದೆ, ಚಿಗರಿ ತನಗೆ ಬೇಕಾದ ಚಿಗುರನ್ನೇ ಆರಿಸುತ್ತದೆ, ಹಾಗಾಗಿ ಗುಡ್ಡದ ಗಿಡಮೂಲಿಕೆಯ ಸತ್ವವೆಲ್ಲ ಅದರ ನೆಣಕ್ಕಿಳಿಯುತ್ತದೆ ಎಂದು. ಹೆರಿಗೆಯಾದ ಮೇಲೆ ಜ್ವರ ಹತ್ತಿ ನನ್ನ ಅಕ್ಕ ಕೌದಿಯೊಳಗೆ ಇದ್ದಾಳೋ ಇಲ್ಲವೋ ಎನ್ನುವಷ್ಟು ಸೊರಗಿದಾಗ, ಕಾಕಾ ನಾಯಿಗಳೊಡನೆ ಗುಡ್ಡಕ್ಕೆ ಹೋಗಿ ಚಿಗರಿಯೊಂದನ್ನು ಹೊತ್ತು ತಂದ. ಕೊಯ್ದು ನೋಡಿದರೆ ಬರೀ ಕೆಂಪು ಮಾಂಸ. ಸದಾ ಓಡುವ ಪ್ರಾಣಿಗೆ ಕೂಡಿಡಲು ಪುರುಸೊತ್ತೆಲ್ಲಿ? ಸಿಕ್ಕ ಬೊಗಸೆ ನೆಣವನ್ನು ಅವ್ವ ಕರಗಿಸಿ, ಕುಡಿಕೆಗೆ ಸುರಿದು, ಅಕ್ಕನಿಗೆಂದು ಮುಚ್ಚಿಟ್ಟಳು. ಅಡವಿಯ ಮಾಂಸದ ಕೂಡ ಹಾಲು ವಿಷವಂತೆ. ಹಾಗಾಗಿ ಅಕ್ಕನಿಗೆ ಕೊಡುತ್ತಿದ್ದ ಕುರಿಹಾಲು ಅಂದೇ ನಿಂತಿತು.

ಮಾಗಿಯ ಚಳಿ. ಬಿಸಿ ರೊಟ್ಟಿಗೆ ಸವರಿದ ನೆಣ ಬಾಯಿ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು.

“ಬ್ಯಾಡಬೇ ಯವ್ವಾ, ನಾಲಿಗಿಗೆ ಮೇಣ ಹತ್ತಿದಂಗ ಆಗ್ತೈತಿ. ಒಂದ್ ಗುಟುಕ ಹಾಲ ಕೊಡು,” ಅಂದಳು ಅಕ್ಕ.

“ಹಾಲ ಕುಡದ್ರ ಇದರ ಶಕ್ತಿ ಎಲ್ಲಾ ಮುರೀತೈತಿ, ನನ್ನವ್ವಾ. ಇದನ್ನಷ್ಟ ನುಂಗು,” ಅವ್ವ ಅಳುತ್ತಲೇ ತಿನ್ನಿಸಿದಳು.

ಆ ಮನೆಯಲ್ಲಿ ಅಕ್ಕನನ್ನು ಅವ್ವನಷ್ಟು ಪ್ರೀತಿಸಿದವರು ಯಾರೂ ಇರಲಿಲ್ಲ. ಆದ್ದರಿಂದಲೇ ಅವ್ವನ ಕೈ ತಡೆಯುವವರೂ ಇರಲಿಲ್ಲ. ಅಕ್ಕ ಹುಣ್ಣಿಮೆಯನ್ನು ಕಾಣಲಿಲ್ಲ. ಹಾಲು ಕೊಟ್ಟಿದ್ದರೆ ಉಳಿಯುತ್ತಿದ್ದಳೇ? ಇಲ್ಲವೇನೋ. ಆದರೆ ಕೇಳಿದ್ದನ್ನು ಕುಡಿದು ಹೋಗುತ್ತಿದ್ದಳು. ಓಡುವ ಮೈಯ ಬಿಸಿಯಲ್ಲಿ ಮಾತ್ರ ಮೆತ್ತಗಿರುವ ನೆಣ, ತಣ್ಣಗಾಗುತ್ತಿದ್ದ ಮೈಯನ್ನು ಬೆಚ್ಚಗೆ ಮಾಡೀತೆಂದು ನಂಬಿದೆವಲ್ಲ, ಆ ನಂಬಿಕೆಯನ್ನು ನೆನೆದರೆ ಇಂದಿಗೂ ನನಗೆ ಅನ್ನ ಸೇರುವುದಿಲ್ಲ.

ಅಕ್ಕನ ಕೂಸು ಅದೇ ಕುರಿಹಾಲು ಕುಡಿದು ಬದುಕಿತು. ಈಗ ಎದೆಯೆತ್ತರದ ಹುಡುಗಿ. ನಿನ್ನೆ ಗೂಡಿನಿಂದ ಕುಡಿಕೆಯನ್ನಿಳಿಸಿ, “ಆಯಿ, ಇದನ್ನ ಒಡದ ಕಾಲಿಗೆ ಹಚ್ಕೊಳ್ಳೇನು?” ಎಂದು ಅಜ್ಜಿಯನ್ನು ಕೇಳಿದಳು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

“ಹಚ್ಕೋ,” ಅಂದಳು.

ಅಕ್ಕನ ಬಾಯಲ್ಲಿ ಕರಗದ ನೆಣ ಒಲೆಯ ಕಾವಿಗೆ ಚಾಚಿದ ಅವಳ ಮಗಳ ಹಿಮ್ಮಡಿಯ ಮೇಲೆ ಉಜ್ಜಿದ ಕೂಡಲೇ ಕರಗಿತು. ಅವ್ವ ಅದನ್ನು ನೋಡಿದಳು, ಒಲೆಯ ಮೇಲೆ ರೊಟ್ಟಿಯನ್ನು ಹಾಗೇ ಬಿಟ್ಟು ಹೊರಗೆ ಹೋದಳು.